ಅತ್ತೆಯ ಪೆನ್ಸಿಲ್, ಅಪ್ಪನ ಲೆನ್ಸು

ನಮ್ಮ ಸ್ಟುಡಿಯೋದಲ್ಲಿ ಫೋಟೋ ತೆಗೆಯುತ್ತಿದ್ದವನು ಅಪ್ಪ. ಜನ ಮೆಚ್ಚುತ್ತಿದ್ದದ್ದು ಮಾತ್ರ ಅತ್ತೆಯ ಕೆಲಸವನ್ನು. ಅತ್ತೆ ಎಂದರೆ ಅಪ್ಪನ ಅಕ್ಕ. ಒಳಕೋಣೆಯಲ್ಲಿ ಕೂತು, ಸೂಜಿಯಂತೆ ಚೂಪು ಮಾಡಿದ ಪೆನ್ಸಿಲ್ಲಿನಿಂದ ನೆಗೆಟಿವ್ ಮೇಲಿನ ಮುಖಗಳನ್ನು ತಿದ್ದುವುದು ಅವಳ ಉದ್ಯೋಗ. ಸುಕ್ಕು, ಮೊಡವೆ, ಕಣ್ಣಡಿಯ ಗೆರೆ, ಯಾವುದೂ ಅವಳ ಕೈಯಿಂದ ಪಾರಾಗುತ್ತಿರಲಿಲ್ಲ. ತಾನು ತಿದ್ದಿದ ಫೋಟೋ ಒಂದೂ ವಾಪಸ್ ಬಂದಿಲ್ಲ ಎಂಬ ಜಂಬವಿತ್ತು. ನನಗೆ ಗೊತ್ತಿರುವಂತೆ ಅವಳಿಗಿದ್ದ ಜಂಬ ಅದೊಂದೇ.

ಕ್ಯಾಮೆರಾ ಆರಿಸಿದ್ದೂ ಅವಳೇ. ಅಪ್ಪನಿಗೆ ಕುತ್ತಿಗೆಗೆ ನೇತುಹಾಕಿಕೊಳ್ಳುವ ಚಿಕ್ಕ ಕ್ಯಾಮೆರಾದ ಮೇಲೆ ಕಣ್ಣಿತ್ತು. ಅದರ ನೆಗೆಟಿವ್ ಅಂಚೆಚೀಟಿಯಷ್ಟು, ನಾನು ಪೆನ್ಸಿಲ್ ಎಲ್ಲಿ ಇಡಲಿ ಎಂದು ಅತ್ತೆ ಪಟ್ಟು ಹಿಡಿದಳು. ಕೊನೆಗೆ ಬಂದದ್ದು ಮೀಡಿಯಂ ಫಾರ್ಮ್ಯಾಟ್ ಕ್ಯಾಮೆರಾ. ಡಬ್ಬಿಯಂಥ ದೇಹ, ತಲೆ ಬಗ್ಗಿಸಿ ಮೇಲಿನಿಂದ ನೋಡುವ ಗಾಜು, ಒಂದು ರೀಲಿಗೆ ಹನ್ನೆರಡೇ ಚಿತ್ರ. ಆದರೆ ಒಂದೊಂದು ನೆಗೆಟಿವೂ ಬಿಸ್ಕತ್ತಿನಗಲ.

ಅದಕ್ಕೆ ತಕ್ಕ ಮೇಜನ್ನು ಬಡಗಿಯೊಬ್ಬ ಮಾಡಿಕೊಟ್ಟ. ಇಳಿಜಾರು ಹಲಗೆ, ನಡುವೆ ಗಾಜು, ಕೆಳಗಿನಿಂದ ದೀಪ. ಮೇಜು ಹೊತ್ತು ತಂದ ದಿನ ಅವನ ಗದ್ದಕ್ಕೆ ಪಟ್ಟಿ ಅಂಟಿಸಿತ್ತು. ಮೇಜು ಮಾಡಿದಿರೋ ಕ್ಷೌರ ಮಾಡಿಕೊಂಡಿರೋ ಎಂದು ಅತ್ತೆ ರೇಗಿಸಿದ್ದಳಂತೆ.

ಕ್ಯಾಮೆರಾ ಜತೆ ಬಂದ ಎಂಬತ್ತು ಮಿಲಿಮೀಟರಿನ ಲೆನ್ಸಿನಲ್ಲಿ ಹತ್ತಿರದಿಂದ ತೆಗೆದರೆ ಮೂಗು ಊದಿಕೊಳ್ಳುತ್ತಿತ್ತು. ಮುಖಕ್ಕೆ ನೂರೈವತ್ತರದೇ ಬೇಕು ಎಂಬುದರಲ್ಲಿ ಇಬ್ಬರಿಗೂ ಒಮ್ಮತ, ಯಾವ ನೂರೈವತ್ತು ಎಂಬುದರಲ್ಲಿ ಜಟಾಪಟಿ. ಅತ್ತೆ ಹಠ ಮಾಡಿ ಹಳೆಯದೊಂದನ್ನು ತರಿಸಿದಳು. ಅದು ಚರ್ಮವನ್ನು ನುಣ್ಣಗೆ ತೋರಿಸಿ ಅವಳ ಅರ್ಧ ಕೆಲಸ ಉಳಿಸುತ್ತಿತ್ತು. ಅದಕ್ಕೆ ಬೆಣ್ಣೆ ಎಂದು ಹೆಸರಾಯಿತು. ಕೆಲವು ವರ್ಷಗಳ ಮೇಲೆ ಅಪ್ಪ ಹೇಳದೆ ಕೇಳದೆ ಇನ್ನೊಂದು ತಂದ. ಅದರಲ್ಲಿ ರೆಪ್ಪೆಕೂದಲನ್ನೂ ಎಣಿಸಬಹುದಿತ್ತು. ಅದು ಚಾಕು. ಆ ವಾರ ಬಂದವರನ್ನೆಲ್ಲ ಚಾಕುವಿನಲ್ಲೇ ತೆಗೆದ. ಒಳಕೋಣೆಯಲ್ಲಿ ಗೆರೆಗಳ ಸಂತೆ ನೆರೆಯಿತು. ಅತ್ತೆ ಎಂಟು ದಿನ ಅವನ ಜತೆ ಮಾತು ಬಿಟ್ಟಳು, ಊಟಕ್ಕೆ ಕರೆಯುವುದೂ ನನ್ನ ಮೂಲಕವೇ. ಆಮೇಲೆ ರಾಜಿಯಾಯಿತು. ನಲವತ್ತು ದಾಟಿದಂತೆ ಕಂಡವರಿಗೆ ಬೆಣ್ಣೆ, ಉಳಿದವರಿಗೆ ಚಾಕು. ವಯಸ್ಸು ಕೇಳುವ ಧೈರ್ಯ ಅಪ್ಪನಿಗೆ ಇರಲಿಲ್ಲ.

ಫೋಟೋಗೆ ಬಂದವರನ್ನು ಅತ್ತೆ ನೋಡಿದ್ದೇ ಕಡಿಮೆ. ಅವಳಿಗೆ ಪರಿಚಯವಿದ್ದದ್ದು ಕಪ್ಪು ಬಿಳುಪಾಗಿ, ಬಿಳುಪು ಕಪ್ಪಾಗಿ ನೆಗೆಟಿವಿನಲ್ಲಿ ಬಂದ ಮುಖಗಳು. ಬೀದಿಯಲ್ಲಿ ಅವರೇ ಎದುರಾಗಿ ನಕ್ಕರೆ ಯಾರೆಂದು ಕೇಳಲು ನನ್ನನ್ನು ಮೊಣಕೈಯಿಂದ ತಿವಿಯುತ್ತಿದ್ದಳು.

ಹೀಗೆ ಇಪ್ಪತ್ತು ವರ್ಷ ಕಳೆದ ಮೇಲೆ ಬಡಗಿಯ ಹೆಂಡತಿ ಬಂದರು. ಬಡಗಿ ತೀರಿಕೊಂಡು ತಿಂಗಳಾಗಿತ್ತು. ನಮ್ಮಲ್ಲೇ ತೆಗೆಸಿದ, ಅವನೊಬ್ಬನೇ ಇರುವ ಏಕೈಕ ಫೋಟೋವನ್ನು ಕೌಂಟರಿನ ಮೇಲೆ ಇಟ್ಟರು.

“ಮುಖವೇನೋ ಅವರದ್ದೇ. ಆದ್ರೆ ಇದು ನಮ್ಮನೆಯವರಲ್ಲ,” ಎಂದರು. “ಗದ್ದದ ಮೇಲೆ ಉಳಿ ತಾಗಿದ ಗಾಯ ಇತ್ತು. ಯೋಚನೆ ಮಾಡುವಾಗೆಲ್ಲ ಅದನ್ನೇ ಸವರ್ಕೊಳ್ತಿದ್ರು. ಅದೆಲ್ಲಿ ಹೋಯ್ತು?”

ನಡುವೆ ಗಾಜಿರುವ ಯಾವುದೋ ಮೇಜು ಮಾಡುವಾಗ ಉಳಿ ಜಾರಿತ್ತಂತೆ. ಒಳಗಿದ್ದ ಅತ್ತೆಗೆ ಅಷ್ಟೂ ಕೇಳಿಸಿತ್ತು. ಹೊರಗೆ ಬಂದವಳ ಮುಖ ಬಾಡಿತ್ತು. ಅಪ್ಪ ಹಳೆಯ ಲಕೋಟೆಗಳಲ್ಲಿ ಹುಡುಕಿ ಆ ನೆಗೆಟಿವ್ ತೆಗೆದ. ಯಾವ ಲೆನ್ಸು ಎಂದು ಅದರ ಮೇಲೆ ಬರೆದಿರಲಿಲ್ಲ.

ವಿಷಯ ಇದ್ದದ್ದು ಇಷ್ಟೇ. ಗಾಯವನ್ನು ಪೆನ್ಸಿಲ್ ಮುಚ್ಚಿದ್ದರೆ ಒರೆಸಿ ವಾಪಸ್ ತರಬಹುದು. ಲೆನ್ಸೇ ನುಂಗಿದ್ದರೆ ಅದು ಹೋದಂತೆಯೇ. ಫೋಟೋ ತೆಗೆಸಿದಾಗಲೇ ಬಡಗಿಗೆ ಐವತ್ತರ ಹತ್ತಿರ, ರಾಜಿಯ ಪ್ರಕಾರ ಬೆಣ್ಣೆಯೇ ಆಗಿರಬೇಕು.

“ತಪ್ಪು ನನ್ನದೇ ಆಗಿರ್ಲಪ್ಪ ದೇವ್ರೇ,” ಎಂದಳು ಅತ್ತೆ.

ತನ್ನ ಕೆಲಸದತ್ತ ಯಾರೂ ಬೊಟ್ಟು ಮಾಡದಂತೆ ಬದುಕಿದವಳ ಬಾಯಲ್ಲಿ ಆ ಮಾತು ಕೇಳಿ ನನಗೆ ಸಂಕಟವಾಯಿತು. ಅವಳು ನೆಗೆಟಿವನ್ನು ದೀಪಕ್ಕೆ ಓರೆಯಾಗಿ ಹಿಡಿದಳು. ಗದ್ದದ ಹತ್ತಿರ ಪೆನ್ಸಿಲ್ ಸೀಸದ ಸಣ್ಣ ಹೊಳಪಿತ್ತು. ಹತ್ತಿಗೆ ಟರ್ಪೆಂಟೈನ್ ಅದ್ದಿ ಒಮ್ಮೆ ಒರೆಸಿದಳು, ಇನ್ನೊಮ್ಮೆ ಒರೆಸಿದಳು. ಒಂದು ಇಡೀ ಮಧ್ಯಾಹ್ನದ ಕೆಲಸ ಹತ್ತಿಗೆ ಹತ್ತಿತು. ಗೆರೆ ಅಲ್ಲೇ ಇತ್ತು, ಕೂದಲೆಳೆಯಷ್ಟು ಸ್ಪಷ್ಟವಾಗಿ.

“ಚಾಕು,” ಎಂದ ಅಪ್ಪ, ಮೆಲ್ಲಗೆ.

“ನಾನು ಮಾತು ಬಿಟ್ಟಿದ್ನಲ್ಲ, ಆ ವಾರ,” ಎಂದಳು ಅತ್ತೆ.

ಮರುದಿನ ಹೊಸ ಪ್ರಿಂಟ್ ಕೊಟ್ಟೆವು. ಹೆಂಗಸು ಬೆರಳನ್ನು ನೇರ ಗದ್ದದ ಮೇಲಿಟ್ಟರು. ಅತ್ತೆ ಅವರ ಕೈ ಹಿಡಿದು ಒಳಕೋಣೆಗೆ ಕರೆದೊಯ್ದು ಮೇಜು ತೋರಿಸಿದಳು.

“ಗಾಯ ಆಗಿದ್ದು ಇದನ್ನ ಮಾಡುವಾಗ. ಅಳಿಸಿದ್ದೂ ಇದರ ಮೇಲೇ, ನಾನೇ. ನಾನು ಅವರನ್ನ ಕೇಳ್ಲೇ ಇಲ್ಲ.”

ಹೆಂಗಸು ಹಲಗೆಯ ಅಂಚನ್ನು ಸವರಿ, ಚೆನ್ನಾಗಿ ಮಾಡಿದ್ದಾರೆ ಎಂದಷ್ಟೇ ಹೇಳಿ ಹೊರಟರು.

ಆ ವಾರವೇ ನಿವೃತ್ತ ಮೇಷ್ಟ್ರೊಬ್ಬರು ಫೋಟೋಗೆ ಕೂತರು. ಅಪ್ಪ ಅಭ್ಯಾಸಬಲದಿಂದ ಬೆಣ್ಣೆಗೆ ಕೈ ಹಾಕಿದ. ಒಳಗಿನಿಂದ ಅತ್ತೆ ಎದ್ದು ಬಂದಳು, ಕೈಯಲ್ಲಿ ಪೆನ್ಸಿಲ್ ಇರಲಿಲ್ಲ. ಚಾಕು ಹಾಕು ಎಂದು ತಮ್ಮನಿಗೆ ಹೇಳಿ, ಮೇಷ್ಟ್ರ ಎದುರು ಸ್ಟೂಲ್ ಎಳೆದುಕೊಂಡು ಕೂತಳು.

“ನಿಮ್ಮ ಮುಖದಲ್ಲಿ ಏನೇನು ಇರ್ಬೇಕು, ಹೇಳಿ.”