ಮಗಳ ಕೋಣೆಯ ಮೆಟ್ರೋ

ಸೌತೆಕಾಯಿಯ ತಿರುಳು ಬಳಿಯುತ್ತಿದ್ದಾಗ ಅವರ ಫೋನು ಬಂತು. ಒಳ್ಳೆಯ ಸೌತೆ ಸಿಕ್ಕಿದರೆ ನಾನು ಬೀಜ ಎಸೆಯುವುದಿಲ್ಲ, ಬೂದಿಯಲ್ಲಿ ಹೊರಳಿಸಿ ಒಣಗಿಸಿಡುತ್ತೇನೆ. ಎರಡೂ ಕೈ ಲೋಳೆಯಾಗಿದ್ದುದರಿಂದ ಮೊಣಕೈಯಿಂದ ಒತ್ತಿ ಸ್ಪೀಕರಿಗೆ ಹಾಕಿದೆ. ಹೀಗಾಗಿ ಬಾಗಿಲ ಬಳಿ ಕೂತು ಅಲಸಂಡೆ ಮುರಿಯುತ್ತಿದ್ದ ಅತ್ತೆಗೂ ನನಗೂ ಸುದ್ದಿ ಒಟ್ಟಿಗೇ ತಿಳಿಯಿತು.

"ಕಣ್ಣಿನ ಟೆಸ್ಟಲ್ಲಿ ಪಾಸಾಗಲಿಲ್ಲ ಮಾರಾಯ್ತಿ. ಇನ್ನು ಲೈನಿಗೆ ಬಿಡುವುದಿಲ್ಲ. ಬರ್ತೇನೆ."

ನನ್ನ ಗಂಡ ಗಲ್ಫಿನ ಒಂದು ಶಹರದಲ್ಲಿ ಕಂಬಗಳ ಮೇಲೆ ಓಡುವ ಮೆಟ್ರೋ ರೈಲಿನ ಎಲೆಕ್ಟ್ರಿಷಿಯನ್ ಆಗಿದ್ದರು. ಹಳಿಯ ಪಕ್ಕದಲ್ಲಿ ನಡೆಯುತ್ತ ವೈರು, ಸಿಗ್ನಲ್ ನೋಡಿಕೊಳ್ಳುವ ಕೆಲಸ. ಅಂಥವರಿಗೆ ವರ್ಷಕ್ಕೊಮ್ಮೆ ಕಣ್ಣಿನ ಪರೀಕ್ಷೆ ಉಂಟು. ಈ ಸಲ ಬಲಗಣ್ಣು ಸೋತಿತು. ನಾನು ಕೈ ತೊಳೆದು ದೇವರ ಕೋಣೆಗೆ ಹೋಗಿ ನಿಂತೆ. ಏನೂ ಕೇಳಿಕೊಳ್ಳಲಿಲ್ಲ. ಎಡಗಣ್ಣು ಉಳಿದಿದೆ, ಕೈಕಾಲು ಸರಿಯಾಗಿವೆ, ಅಷ್ಟು ಎತ್ತರದಲ್ಲಿ ಅಷ್ಟು ವರ್ಷ ನಡೆದೂ ಬೀಳಲಿಲ್ಲ ಎಂದು ಹೇಳಿ ಬಂದೆ.

ಬಂದ ಮೇಲೆ ಫಳ್ನೀರಿನ ಕಣ್ಣಿನ ಡಾಕ್ಟರಿಗೆ ತೋರಿಸಿದೆವು. ಹೋದ ನೋಟ ಬರುವುದಿಲ್ಲ, ಇರುವುದನ್ನು ಉಳಿಸಿಕೊಳ್ಳಬಹುದು ಎಂದರು. ಬೆಳಿಗ್ಗೆ ಸಂಜೆ ಒಂದೊಂದು ಹನಿ ಔಷಧ. ಮರೆಯಬಾರದೆಂದು ನಾನು ಅದನ್ನು ದೀಪ ಹಚ್ಚುವ ಹೊತ್ತಿಗೆ ಇಟ್ಟುಕೊಂಡೆ. ಎದುರಿಗಿರುವುದು ಅವರಿಗೆ ಚೆನ್ನಾಗಿಯೇ ಕಾಣುತ್ತಿತ್ತು, ಅಕ್ಕಿಯಲ್ಲಿನ ಕಲ್ಲನ್ನು ನನಗಿಂತ ಮೊದಲು ಹೆಕ್ಕುತ್ತಿದ್ದರು. ಬಲಬದಿ ಮಾತ್ರ ಇಲ್ಲ. ಊಟಕ್ಕೆ ಕೂತಾಗ ಬಲಗಡೆ ಇಟ್ಟ ಲೋಟ ಎರಡು ಸಲ ಉರುಳಿತು. ಮೂರನೆಯ ದಿನದಿಂದ ನಾನು ಲೋಟವನ್ನು ಬಟ್ಟಲಿನ ಎದುರಿಗೆ ಇಡತೊಡಗಿದೆ.

ಬಲ್ಮಠದಲ್ಲಿ ಎಲೆಕ್ಟ್ರಿಷಿಯನ್ ಕೆಲಸ ಕಲಿಸುವ ಒಂದು ಸಣ್ಣ ಶಾಲೆ ಉಂಟು. ಅದನ್ನು ನಡೆಸುವವರು ಇವರ ಶಾಲಾದಿನಗಳ ಸ್ನೇಹಿತರು. ಒಂದು ದಿನ ಮನೆಗೆ ಬಂದು, ವೈರಿಂಗ್ ಕಲಿಸಲು ಬಾ, ಪುಸ್ತಕ ಓದಿಸುವವರು ಬೇಕಾದಷ್ಟಿದ್ದಾರೆ, ಕೈಯಲ್ಲಿ ಮಾಡಿ ತೋರಿಸುವವರಿಲ್ಲ ಎಂದರು. ಇವರು ದಸರಾ ಕಳೆದು ಹೇಳುತ್ತೇನೆಂದರು. ಸ್ನೇಹಿತರು ಹೋದ ಮೇಲೆ ನಾನು ಕಾರಣ ಕೇಳಿದೆ.

"ಹುಡುಗರ ಎದುರು ಬೆಸುಗೆ ತಪ್ಪಿದರೆ ಎಂತ ಹೇಳುವುದು? ಮೊದಲು ನನಗೆ ಗೊತ್ತಾಗಬೇಕು, ಕೈ ಉಂಟಾ ಇಲ್ಲವಾ ಅಂತ."

ಗೊತ್ತು ಮಾಡಿಕೊಳ್ಳಲು ಅವರು ಹಿಡಿದ ದಾರಿ ಒಂದು ಆಟದ ರೈಲು. ಗಲ್ಫಿನಿಂದ ಬರುವಾಗ ಪೆಟ್ಟಿಗೆಯಲ್ಲಿ ಬಟ್ಟೆಗಿಂತ ಹೆಚ್ಚು ಇದೇ ಇತ್ತು. ಬೆರಳುದ್ದದ ಮೂರು ಬೋಗಿ, ಕಟ್ಟುಕಟ್ಟು ಹಳಿ, ವೇಗ ಹೆಚ್ಚು ಕಡಿಮೆ ಮಾಡುವ ಒಂದು ಡಬ್ಬಿ. ತಾನು ನೋಡಿಕೊಳ್ಳುತ್ತಿದ್ದ ಲೈನಿನ ಎರಡು ಸ್ಟೇಷನ್, ನಡುವಿನ ತಿರುವು, ಕೆಳಗಿನ ರಸ್ತೆ, ಇಷ್ಟನ್ನು ಕಟ್ಟುವುದು, ಬೆಸುಗೆ ಎಲ್ಲ ತಾನೇ ಹಾಕುವುದು. ಓಡಿದರೆ ಬಲ್ಮಠಕ್ಕೆ ಹೋಗುವುದು, ಓಡದಿದ್ದರೆ ಇಲ್ಲ. ಮಗಳು ಮದುವೆಯಾಗಿ ಉಡುಪಿಗೆ ಹೋದ ಮೇಲೆ ಅವಳ ಕೋಣೆಯಲ್ಲಿ ನಾನು ಹಪ್ಪಳದ ಡಬ್ಬಿ ಇಟ್ಟಿದ್ದೆ. ಡಬ್ಬಿಗಳು ಅಟ್ಟಕ್ಕೆ ಹೋದವು, ಅವಳ ಮಂಚದ ಮೇಲೆ ಪ್ಲೈವುಡ್ ಹಲಗೆ ಬಂತು.

"ಕುಲಶೇಖರದ ಸುರಂಗದಲ್ಲಿ ಹೋಗುವ ರೈಲಿನ ಕೂಗು ಸಾಲದು ಅಂತ ಈಗ ಮಂಚದ ಮೇಲೂ ರೈಲಾ?" ಎಂದರು ಅತ್ತೆ. ಆದರೆ ಮಧ್ಯಾಹ್ನದ ನಿದ್ದೆ ಬಿಟ್ಟು ಅಲ್ಲೇ ಕುರ್ಚಿ ಹಾಕಿ ಕೂರತೊಡಗಿದರು.

ಕಂಬಗಳೇ ದೊಡ್ಡ ಕೆಲಸ. ವೈರಿಂಗಿನ ಪೈಪನ್ನು ಗೇಣಿಗಿಂತ ಚಿಕ್ಕದಾಗಿ ಕೊಯ್ದು ಅದರೊಳಗೆ ಪ್ಲಾಸ್ಟರ್ ಹೊಯ್ದು, ಗಟ್ಟಿಯಾದ ಮೇಲೆ ಹೊರಗೆ ತೆಗೆಯುವುದೆಂದು ಅವರ ಲೆಕ್ಕ. ಮೊದಲ ಆರು ಕಂಬ ಒಳಗೇ ಅಂಟಿಕೊಂಡವು, ತಟ್ಟಿದರೆ ತುಂಡಾದವು. ಉದ್ದ ಇಡ್ಲಿಯಂಥ ಮೂಡೆ ಬೇಯಿಸುವ ಅಚ್ಚಿಗೆ ಹಿಟ್ಟು ಹೊಯ್ಯುವ ಮುಂಚೆ ನಾವು ಎಂತ ಮಾಡ್ತೇವೆ ಎಂದು ನಾನು ಕೇಳಿದೆ. ತೆಂಗಿನೆಣ್ಣೆ ತಂದುಕೊಟ್ಟೆ. ಒಳಗೆ ಸವರಿ ಹೊಯ್ದರು, ಕಂಬ ನಯವಾಗಿ ಜಾರಿ ಬಂತು. ಅಂದಿನಿಂದ ದಿನಕ್ಕೆ ನಾಲ್ಕು ಕಂಬ. ಒಟ್ಟು ಮೂವತ್ತೆಂಟಾದವು. ಸಾಲಾಗಿ ಒಣಗಲು ಇಟ್ಟಾಗ ಅತ್ತೆ, "ಚಟ್ನಿ ಎಲ್ಲಿ?" ಎಂದು ಕೇಳಿದರು.

ಕಂಬಗಳ ತಲೆಗಳನ್ನು ಮರದಲ್ಲಿ ಕೆತ್ತಿ, ಮೇಲೆ ರೈಲು ಸುತ್ತಿ ಬರುವ ಹಾಗೆ ತೆಳು ಹಲಗೆಯ ಸೇತುವೆ ಹಾಸಿ, ಎರಡು ಬದಿಗೆ ರಟ್ಟಿನ ತಡೆಗೋಡೆ ಕೂರಿಸಿದರು. ಹಳಿಗೆ ಕರೆಂಟು ಕೊಡುವ ವೈರುಗಳು ಸೇತುವೆಯ ಕೆಳಗೆ, ಒಂದೊಂದು ಗೇಣಿಗೆ ಒಂದು ಜೊತೆ. ಬೆಸುಗೆ ಹಾಕುವಾಗ ಅವರು ಕುತ್ತಿಗೆಯನ್ನು ಪೂರ್ತಿ ಬಲಕ್ಕೆ ತಿರುಗಿಸಿ, ಎಡಗಣ್ಣಿಗೆ ಬೇಕಾದ್ದನ್ನು ಎದುರಿಗೆ ತಂದುಕೊಳ್ಳುತ್ತಿದ್ದರು.

ನವರಾತ್ರಿಯ ಮಧ್ಯದಲ್ಲಿ ಒಂದು ಸಂಜೆ ರೈಲು ಓಡಿತು. ಇಡೀ ಹಲಗೆಗೆ ಎರಡು ಸುತ್ತು. ಸ್ಟೇಷನ್ನಿನ ದೀಪಗಳೂ ಉರಿದವು. ಅವರು ವೇಗದ ಡಬ್ಬಿಯ ಸ್ವಿಚ್ಚು ಆರಿಸಿ, ದಸರಾ ಕಳೆದ ಮರುದಿನ ಬಲ್ಮಠಕ್ಕೆ ಫೋನ್ ಮಾಡುತ್ತೇನೆಂದರು. ನಾನು ದೇವರಿಗೆ ಒಂದು ತುಪ್ಪದ ದೀಪ ಹೆಚ್ಚು ಇಟ್ಟೆ.

ಆಯುಧಪೂಜೆಯ ದಿನ ನಮ್ಮಲ್ಲಿ ತರಕಾರಿ ಹೆಚ್ಚುವ ಮೆಟ್ಟುಕತ್ತಿಯಿಂದ ಸ್ಕೂಟರಿನವರೆಗೆ ಎಲ್ಲದಕ್ಕೂ ಗಂಧ ಕುಂಕುಮ ಆಗುತ್ತದೆ. ಕೆಲಸ ಮಾಡಿಕೊಟ್ಟ ವಸ್ತುವಿಗೆ ಅಂದು ವಿಶ್ರಾಂತಿ, ಮುಟ್ಟುವ ಹಾಗಿಲ್ಲ. ಅವರು ಸ್ನಾನಕ್ಕೆ ಹೋಗಿದ್ದಾಗ ನಾನು ಗಂಧದ ಬಟ್ಟಲು ಹಿಡಿದು ಆ ಕೋಣೆಗೂ ಹೋದೆ. ರೈಲಿನ ಮುಖಕ್ಕೆ ಒಂದು ಬೊಟ್ಟು ಇಟ್ಟೆ. ಸ್ಕೂಟರಿನ ಚಕ್ರಕ್ಕೆ ಇಟ್ಟ ಮೇಲೆ ಇದರ ಚಕ್ರಕ್ಕೂ ಬೇಡವೇ ಎಂದು ಅಲ್ಲೂ ಇಟ್ಟೆ. ಭಾರ ಹೊರುವುದು ಹಳಿಯಲ್ಲವೇ ಎಂದು ಹಳಿಗೂ ಹಚ್ಚಿದೆ, ಸ್ಟೇಷನಿಗೆ ಒಂದೊಂದು, ಬೀಳುವ ಭಯ ಇರುವುದು ತಿರುವಿನಲ್ಲಿ ಎಂದು ಅಲ್ಲಿ ಮೂರು. ಮೇಲೆ ಸೇವಂತಿಗೆಯ ಎಸಳು ಉದುರಿಸಿದೆ. ಮನಸ್ಸು ತುಂಬಿತ್ತು.

ವಿಜಯದಶಮಿಯ ಬೆಳಿಗ್ಗೆ ಹೂ ತೆಗೆದು, ರೈಲಿನ ಮುಖದ ಬೊಟ್ಟು ಒರೆಸಿ, ಅವರು ಡಬ್ಬಿಯ ಗುಂಡಿ ತಿರುಗಿಸಿದರು. ರೈಲು ಸ್ವಲ್ಪ ಹೋಯಿತು, ತಿರುವಿನಲ್ಲಿ ನಿಂತಿತು. ದೂಡಿದರು, ಹೋಯಿತು, ಮುಂದೆ ನಿಂತಿತು. ಸ್ವಲ್ಪ ಹೊತ್ತಿನಲ್ಲಿ ಎಲ್ಲಿ ಬೇಕಾದರೂ ನಿಲ್ಲತೊಡಗಿತು. ಮೀಟರಿನ ಚೂಪು ಮುಳ್ಳು ಚುಚ್ಚಿ ನೋಡಿದರೆ ಎಲ್ಲ ಕಡೆ ಕರೆಂಟು ಉಂಟು, ರೈಲಿಗೆ ಮಾತ್ರ ಇಲ್ಲ. ಮೀಟರಿಗೆ ಸಾಕು, ರೈಲು ಎಳೆಯಲು ಸಾಲದು, ಬೆಸುಗೆ ಸರಿಯಾಗಿ ಕೂತಿಲ್ಲ, ನಾಲ್ಕೈದು ದಿನದಲ್ಲಿ ಬಿಟ್ಟುಕೊಂಡಿದೆ ಎಂದರು. ಮೂರು ದಿನ ಸೇತುವೆ ಮಗುಚಿ ಹಾಕಿ ಒಂದೊಂದೇ ಬೆಸುಗೆ ಬಿಚ್ಚಿ ಮತ್ತೆ ಹಾಕಿದರು. ಅತ್ತೆ ಕುರ್ಚಿ ತೆಗೆದು ಹೊರಗೆ ಇಟ್ಟುಕೊಂಡರು. ನಾಲ್ಕನೆಯ ದಿನ ಅವರು ಬೆಸುಗೆಯ ಸಾಮಾನು ಪೆಟ್ಟಿಗೆಗೆ ತುಂಬಿದರು.

"ಮಧ್ಯಾಹ್ನ ಫೋನ್ ಮಾಡಿ ಆಗುವುದಿಲ್ಲ ಅಂತ ಹೇಳ್ತೇನೆ. ಬೋಗಿಗಳನ್ನು ನೀನು ಬಟ್ಟೆಯಲ್ಲಿ ಸುತ್ತಿಡು."

ನಾನು ಆಗ ಅಂಗಳದ ಕಲ್ಲಿನ ಮೇಲೆ ದೀಪಗಳಿಗೆ ಹುಣಸೆಹುಳಿ ಹಚ್ಚುತ್ತಿದ್ದೆ. ಕೈ ಒರೆಸಿಕೊಂಡು ಒಳಗೆ ಹೋಗಿ, ಹಳೆಯ ಲುಂಗಿಯ ತುಂಡು ಹರಿದು, ಮೊದಲ ಬೋಗಿಯನ್ನು ಎತ್ತಿಕೊಂಡೆ. ಗಂಧದ ಪರಿಮಳ ಬಂತು. ಮಗುಚಿ ನೋಡಿದೆ. ಚಕ್ರದ ಸುತ್ತ ಹಳದಿ ಕಪ್ಪು ಮಿಶ್ರವಾಗಿ ಏನೋ ಗಟ್ಟಿಯಾಗಿ ಕೂತಿತ್ತು. ಉಗುರಿನಿಂದ ಕೆರೆದೆ, ಪುಡಿಯಾಗಿ ಬಿತ್ತು. ಹಳಿಯ ಮೇಲೆ ಬೆರಳು ಎಳೆದೆ. ಅಲ್ಲೂ ಅದೇ. ಕರೆಂಟಿನ ವಿಷಯ ನನಗೆ ಹೆಚ್ಚು ತಿಳಿಯದು. ಆದರೆ ಕರೆಂಟು ಹಳಿಯಿಂದ ಚಕ್ರಕ್ಕೆ ಏರುತ್ತದೆಂದು ಅವರು ಅತ್ತೆಗೆ ಹತ್ತು ಸಲ ವಿವರಿಸಿದ್ದು ಕೇಳಿದ್ದೆ. ನಡುವೆ ನನ್ನ ಗಂಧ ಕೂತಿತ್ತು.

ಒಂದು ಮಾತು ಬರೆಯಬೇಕು. ಆ ಹೊತ್ತಿಗೆ ನನಗೆ ತೋಚಿದ್ದು, ಸದ್ದಿಲ್ಲದೆ ಎಲ್ಲ ಒರೆಸಿಬಿಡುವುದು, ದೇವರು ಸರಿಮಾಡಿದ ಎನ್ನುವುದು. ನಂಬುತ್ತಿದ್ದರು. ಆದರೆ ಬೆಸುಗೆ ಬಿಟ್ಟಿತ್ತು, ಹೇಗೋ ಹಿಡಿದುಕೊಂಡಿತು ಎಂದೇ ಅವರ ಮನಸ್ಸಿನಲ್ಲಿ ಉಳಿಯುತ್ತಿತ್ತು. ಹಾಗೆ ಉಳಿದರೆ ಬಲ್ಮಠಕ್ಕೆ ಹೋದರೂ ತನ್ನ ಕೈಯನ್ನು ನಂಬುತ್ತಿರಲಿಲ್ಲ.

ಕರೆದು ಹೇಳಿದೆ.

ಅವರು ಬೋಗಿಯನ್ನು ಎಡಗಣ್ಣಿನ ಎದುರಿಗೆ ಹಿಡಿದು ಚಕ್ರ ತಿರುಗಿಸಿ ನೋಡಿದರು. "ಎಷ್ಟು ಕಡೆ ಹಚ್ಚಿದ್ದೆ?"

"ಸ್ಟೇಷನಿಗೆ ಒಂದೊಂದು. ತಿರುವಿನಲ್ಲಿ ಮೂರು. ಚಕ್ರಕ್ಕೆ ಎಲ್ಲದಕ್ಕೂ."

"ಲೈನಿನಲ್ಲಾದರೆ ಮೊದಲು ಹಳಿ ಒರೆಸ್ತಿದ್ದೆ," ಎಂದರು. "ಇಲ್ಲಿ ನನಗೆ ನನ್ನ ಕಣ್ಣು ಬಿಟ್ಟು ಬೇರೆ ಎಂತದೂ ಕಾಣಲಿಲ್ಲ."

ಬಾಗಿಲಲ್ಲಿ ಅತ್ತೆ ಕುರ್ಚಿ ಹಿಡಿದುಕೊಂಡು ನಿಂತಿದ್ದರು. "ನನ್ನ ಮಗನ ಬೆಸುಗೆಗೆ ಎಂತದೂ ಆಗಿಲ್ಲ ಅಲ್ವಾ. ನಿನ್ನ ಭಕ್ತಿ ಸ್ವಲ್ಪ ದಪ್ಪ ಆಯಿತು." ಕುರ್ಚಿಯನ್ನು ಮೊದಲಿನ ಜಾಗದಲ್ಲಿ ಇಟ್ಟು ಕೂತರು.

ಔಷಧದ ಪೆಟ್ಟಿಗೆಯಲ್ಲಿ ಸ್ಪಿರಿಟ್ ಇತ್ತು. ಅವರು ಹಳಿ ಒರೆಸಿದರು, ನಾನು ಹತ್ತಿ ಸುತ್ತಿದ ಕಡ್ಡಿಯಿಂದ ಚಕ್ರ. ಡಬ್ಬಿಯ ಗುಂಡಿ ತಿರುಗಿಸಿದಾಗ ರೈಲು ತಿರುವು ದಾಟಿತು, ಮೊದಲ ಸ್ಟೇಷನ್ ದಾಟಿತು, ಎರಡನೆಯದರ ಹತ್ತಿರ ನಿಂತಿತು. ಅವರು ಕುತ್ತಿಗೆ ತಿರುಗಿಸಿ ಸೇತುವೆಯ ಕೆಳಗೆ ನೋಡಿ, ನಿನ್ನೆ ಅವಸರದಲ್ಲಿ ಮತ್ತೆ ಹಾಕಿದ ಒಂದು ಬೆಸುಗೆ ಬಿಟ್ಟಿದೆ, ಇದು ಮಾತ್ರ ನನ್ನದೇ ತಪ್ಪು ಎಂದರು. ಪೆಟ್ಟಿಗೆಯಿಂದ ಸಾಮಾನು ತೆಗೆದು ಅದನ್ನು ಹಾಕಿ ಮುಗಿಸಲು ಅವರಿಗೆ ಐದು ನಿಮಿಷವೂ ಹಿಡಿಯಲಿಲ್ಲ. ಆಮೇಲೆ ರೈಲು ನಿಲ್ಲಲಿಲ್ಲ. ಅತ್ತೆ ಹನ್ನೊಂದು ಸುತ್ತು ಎಣಿಸಿದರು.

ಅವರು ಫೋನು ತೆಗೆದುಕೊಂಡು ಜಗಲಿಗೆ ಹೋದರು. ಸೋಮವಾರದಿಂದ ಬರುತ್ತೇನೆ, ಬಲಗಡೆಯಿಂದ ಯಾರೂ ಹಠಾತ್ತಾಗಿ ಬಂದು ನಿಲ್ಲಬಾರದೆಂದು ಹುಡುಗರಿಗೆ ಮೊದಲೇ ಹೇಳಿಡು ಎಂದು ಅವರು ಹೇಳುವುದು ಒಳಗೆ ಕೇಳಿಸಿತು. ಕಣ್ಣಿನ ವಿಷಯ ಹೊರಗಿನವರ ಹತ್ತಿರ ಅವರು ಬಾಯಿಬಿಟ್ಟದ್ದು ಅದೇ ಮೊದಲು.

ಮುಂದಿನ ವರ್ಷ ಗಂಧ ಹಲಗೆಯ ಮೂಲೆಗೆ ಹಚ್ಚಿದರೆ ಸಾಕು ಎಂದುಕೊಂಡೆ. ಅಂಗಳದಲ್ಲಿ ಹುಣಸೆಹುಳಿ ಹಚ್ಚಿ ಬಿಟ್ಟ ದೀಪಗಳು ಬಿಸಿಲಿಗೆ ಒಣಗುತ್ತಿದ್ದವು. ಇನ್ನೂ ಬಿಟ್ಟರೆ ಕಲೆ ಕೂರುತ್ತದೆ. ಹೋಗಿ ತೆಂಗಿನ ನಾರು ತೆಗೆದುಕೊಂಡು ಉಜ್ಜತೊಡಗಿದೆ.