ಕೋಟೆಯ ಮೇಲೆ ಅಪ್ಪ

ನಾವಿರುವ ಷಾರ್ಲೆಟ್‌ನಿಂದ ಕಾರಿನಲ್ಲಿ ನಾಲ್ಕು ಗಂಟೆ ದೂರದ ಜಾನ್ಸ್ ಕ್ರೀಕ್‌ನ ಗೆಳೆಯನ ಮನೆಯಲ್ಲಿ ಊಟ ಮುಗಿದ ಮೇಲೆ ನಮ್ಮ ಜರ್ಮನಿಯ ಫೋಟೋಗಳನ್ನು ಟಿವಿಗೆ ಹಾಕಿದರು. ನಮ್ಮ ಬಳಗದಲ್ಲಿ ಇದೊಂದು ರೂಢಿ. ಎಲ್ಲಿಗಾದರೂ ಹೋಗಿ ಬಂದವರು ಮೊಸರನ್ನದ ತಟ್ಟೆಗಳ ನಡುವೆ ನಿಂತು ಪ್ರವಾಸವನ್ನು ಒಪ್ಪಿಸಬೇಕು. ನಮ್ಮದು ಹಳೆಯ ಪ್ರವಾಸ. ಗೆಳೆಯ ಈ ಬೇಸಿಗೆಗೆ ಅಲ್ಲಿಗೇ ಹೊರಟಿದ್ದರಿಂದ ಅದನ್ನೇ ತೋರಿಸು ಎಂದ. ಷಾರ್ಲೆಟ್‌ನ ನಮ್ಮ ಮನೆಯಲ್ಲಿ ಆರು ತಿಂಗಳಿದ್ದ ಅಪ್ಪನನ್ನು ಧಾರವಾಡಕ್ಕೆ ಬಿಡಲು ಹೋಗುವಾಗ ನಾನು, ನನ್ನ ಹೆಂಡತಿ ಅವರಿಗೆ ದಾರಿಯಲ್ಲಿ ನ್ಯೂರೆಂಬರ್ಗ್ ತೋರಿಸಿದ್ದೆವು. ಮರುವರ್ಷ ಅವರು ತೀರಿಕೊಂಡರು.

ಎರಡನೇ ಮಹಾಯುದ್ಧದಲ್ಲಿ ಬಾಂಬು ಬಿದ್ದು ನ್ಯೂರೆಂಬರ್ಗ್‌ನ ಹಳೆಯ ಊರು ಬಹುಪಾಲು ನೆಲಸಮವಾಗಿತ್ತು, ಈಗ ಕಾಣುವುದರಲ್ಲಿ ಹೆಚ್ಚಿನದು ಮತ್ತೆ ಕಟ್ಟಿದ್ದು ಎಂದು ಗೈಡ್ ಹೇಳಿದಾಗ ನನಗೆ ಸಿಟ್ಟೇ ಬಂದಿತ್ತು. ಯಾವ ಕಲ್ಲು ಹಳೆಯದು, ಯಾವುದು ಹೊಸದು ಎಂದು ಆಕೆಯನ್ನು ಕಾಡಿದೆ.

"ನೋಡಾಕ ಬಂದೀವಿ, ನೋಡು. ಪರೀಕ್ಷಾ ತಗೋಬ್ಯಾಡ," ಅಂದರು ಅಪ್ಪ.

ಟಿವಿಯಲ್ಲಿ ಕೋಟೆ ಬಂತು. ನಾನು ಕಥೆ ಶುರು ಮಾಡಿದೆ. ಅಪ್ಪ ಮತ್ತು ನಾನು ಏರು ಹತ್ತಿ ಮೇಲೆ ಹೋದೆವು. ಗೋಡೆಗೆ ಒರಗಿ ಕೆಂಪು ಹೆಂಚುಗಳನ್ನು ನೋಡುತ್ತಿದ್ದಾಗ ಅಪ್ಪ ನನ್ನ ಹೆಗಲ ಮೇಲೆ ಕೈ ಇಟ್ಟು, "ನಿನ್ನ ಜೋಡಿ ಮಾತಾಡಾಕ ನನಗ ಅಂಜಿಕಿ ಬರತೈತಿ," ಅಂದರು. ಅಂದು ನಕ್ಕರು. ನಾನೂ ನಕ್ಕೆ. ನಾವಿಬ್ಬರೂ ಮನಸ್ಸು ಬಿಚ್ಚಿದ್ದು ಅದೊಂದೇ ಸಲ. ಅವರು ಹೋದ ಮೇಲೆ ನಾನು ಹಿಡಿದುಕೊಂಡು ಕೂತಿದ್ದು ಅದನ್ನೇ.

"ಮಾವಾರು ಮ್ಯಾಲೆ ಎಲ್ಲಿ ಬಂದಿದ್ರು?" ಸೋಫಾದಿಂದ ಹೆಂಡತಿ ಕೇಳಿದಳು. "ಮೊಣಕಾಲು ನೋವು ಅಂತ ಕೆಳಗ ನನ್ನ ಜೋಡಿ ಕಾಫಿ ಅಂಗಡ್ಯಾಗ ಕುಂತಿದ್ರಲ್ಲ. ನೀವ ಒಬ್ರ ಹೋದ್ರಿ."

"ಏನ್ ಗುರು! ಎಲ್ರ ಹತ್ರಾನೂ ಪ್ರೂಫ್ ಕೇಳೋನು ನೀನು," ಗೆಳೆಯ ಚಪ್ಪಾಳೆ ತಟ್ಟಿದ. "ಈಗ ನಿನ್ ಪ್ರೂಫ್ ತೋರ್ಸು. ಸ್ಕ್ರೋಲ್ ಮಾಡು, ಸ್ಕ್ರೋಲ್ ಮಾಡು!"

ಮಾಡಿದೆ. ಕೋಟೆಯ ಮೇಲಿನ ಫೋಟೋಗಳಲ್ಲಿ ಹೆಂಚಿನ ಛಾವಣಿಗಳು, ಯಾರದೋ ಕೊಡೆ, ಬಿಸಿಲಿಗೆ ಕಣ್ಣು ಕಿರಿದಾದ ನನ್ನದೇ ಮುಖ. ಅಪ್ಪ ಒಂದರಲ್ಲೂ ಇರಲಿಲ್ಲ. ಕೆಳಗೆ ಕಾಫಿ ಅಂಗಡಿಯ ಫೋಟೋದಲ್ಲಿದ್ದರು, ಕಾಫಿ ಕಪ್ಪಿನ ಮುಂದೆ, ಉಣ್ಣೆಯ ಟೋಪಿ ಹಾಕಿಕೊಂಡು, ಬೇರೆಲ್ಲೋ ನೋಡುತ್ತ. ಫೋಟೋದಲ್ಲಿಲ್ಲ ಎಂದರೆ ಬಂದಿರಲಿಲ್ಲ ಎಂದೇನೂ ಸಾಬೀತಾಗುವುದಿಲ್ಲ ಅಂದೆ. ಎಲ್ಲರೂ ಜೋರಾಗಿ ನಕ್ಕರು. ಯಾರೋ ಚಹಾ ಮಾಡಲು ಎದ್ದರು.

ಷಾರ್ಲೆಟ್‌ಗೆ ವಾಪಸು ಬರುವಾಗ ಕಾರು ಸೌತ್ ಕೆರೊಲಿನಾದ ಗಡಿ ದಾಟಿತು.

"ಮತ್ತ ಆ ಮಾತು?" ಕೊನೆಗೆ ನಾನೇ ಕೇಳಿದೆ. "ಅದನ್ನೂ ನಾನ ಹುಟ್ಟಿಸಿದ್ನೇನು?"

"ಇಲ್ಲ. ಅದು ಅವರ ಮಾತ. ನನಗ ಹೇಳಿದ್ರು, ಕೆಳಗ ಕುಂತಾಗ. ಅವನ ಜೋಡಿ ಮಾತಾಡಾಕ ಅಂಜಿಕಿ ಬರತೈತಿ ಅಂತ."

"ನಗಾಕತ್ತಿದ್ರನು?"

"ಇಲ್ಲ."

ಮುಂದಿದ್ದ ಟ್ರಕ್ಕನ್ನು ದಾಟಲು ಹೋಗಿ ಮತ್ತೆ ಹಿಂದೆಯೇ ಉಳಿದೆ.

"ನನಗ ಯಾಕ ಹೇಳಲಿಲ್ಲ?"

"ಹೇಳಿದ್ನಲ್ಲ. ಫ್ರಾಂಕ್‌ಫರ್ಟಿಗೆ ಬರೂ ಮುಂದ, ಟ್ರೇನಿನ್ಯಾಗ. ನಮ್ಮಪ್ಪ ಹಂಗ ಅನ್ನೂ ಮನಷ್ಯಾ ಅಲ್ಲ ಅಂದ್ರಿ. ಮತ್ತ ಮತ್ತ ಅಂದ್ರಿ, ಜೋರಾಗಿ."

ಆ ರೈಲು ನೆನಪಿದೆ. ಎದುರು ಸೀಟಿನಲ್ಲಿ ಅಪ್ಪ ಟೋಪಿಯನ್ನು ಹುಬ್ಬಿನವರೆಗೆ ಎಳೆದುಕೊಂಡು ನಿದ್ದೆ ಹೋಗಿದ್ದೂ ನೆನಪಿದೆ. ಇವಳು ಹೇಳಿದ್ದಾಗಲೀ ನಾನು ಅಲ್ಲಗಳೆದದ್ದಾಗಲೀ ಒಂದಿಷ್ಟೂ ನೆನಪಿಲ್ಲ. ಅವರು ನಿಜಕ್ಕೂ ನಿದ್ದೆ ಹೋಗಿದ್ದರೇ ಎಂದು ಅವಳನ್ನು ಕೇಳಲು ಬಾಯಿ ತೆರೆದೆ. ಕೇಳಲಿಲ್ಲ.