ನಾಲ್ಕನೇ ಸುದ್ದಿ

ಹಸೀನಾ ಚಾಚಿಯ ಮನೆ ಬಿದ್ದದ್ದು ನನ್ನಿಂದ. ಆದೇಶಕ್ಕೆ ಸಹಿ ಹಾಕಿದವರು ಬೇರೆ, ಯಂತ್ರ ತಂದವರು ಬೇರೆ — ಆದರೆ ಆ ಮನೆಯನ್ನು ಉಳಿಸಬಹುದಾಗಿದ್ದ ಒಂದು ಮಾತು ನನಗೆ ಗೊತ್ತಿತ್ತು, ನಾನು ಹೇಳಲಿಲ್ಲ. ಹೇಳದೆ ಬಿಟ್ಟೆ ಅಂದರೂ ಪೂರ್ತಿ ನಿಜವಲ್ಲ. ಅವರು ನನ್ನೆದುರು ನಿಂತು ಕೇಳಿದರು; ನಾನು ಸುಳ್ಳು ಹೇಳಿದೆ. ಅದಕ್ಕೀಗ ಏಳು ವರ್ಷ.

ಆಗ ನಾನು ವಾಸ್ಕೋದಲ್ಲಿ ನಮ್ಮ ಭಾಗದ ಶಾಸಕರ — ನಮ್ಮ ಜನರ ಬಾಯಲ್ಲಿ 'ಆಮದಾರರು' — ಕಚೇರಿಯಲ್ಲಿ ಕೆಲಸಕ್ಕೆ ಸೇರಿ ಎರಡು ವರ್ಷವಾಗಿತ್ತು. ಪ್ರತಿ ಶನಿವಾರ ಶಾಸಕರು ಜನರನ್ನು ಕಾಣುತ್ತಿದ್ದರು — ರೇಷನ್ ಕಾರ್ಡು, ನಳದ ನೀರು, ಆಸ್ಪತ್ರೆಗೊಂದು ಪತ್ರ, ಶಾಲೆಗೊಂದು ಪತ್ರ. ಸಂಜೆಯ ಹೊತ್ತಿಗೆ ಆ ವಾರ ಅವರು ಎಲ್ಲಿಗೆ ಹೋದರು, ಏನು ಮಾಡಿದರು, ಮುಂದಿನ ವಾರ ಜನ ಏನು ಮಾಡಬೇಕು ಎಂಬುದನ್ನೆಲ್ಲ ಬರೆದು ಮತದಾರರ ಫೋನುಗಳಿಗೆ ಕಳಿಸುತ್ತಿದ್ದೆವು. ಕೊಂಕಣಿ ಮತ್ತು ಇಂಗ್ಲಿಷಿನದ್ದನ್ನು ಬೇರೆಯವರು ನೋಡಿಕೊಳ್ಳುತ್ತಿದ್ದರು, ಕನ್ನಡದ್ದು ನನ್ನ ಪಾಲಿಗೆ. ವಿಜಯಪುರ, ಬಾಗಲಕೋಟೆ ಕಡೆಯಿಂದ ದುಡಿಯಲು ಬಂದ ನಮ್ಮ ಜನರಲ್ಲಿ ಓದಲು ಬಾರದವರೇ ಹೆಚ್ಚು. ಅದಕ್ಕೆ ನಾನು ಬರೆಯುವುದರ ಜೊತೆಗೆ ಓದಿ, ಧ್ವನಿಯನ್ನೂ ಕಳಿಸುತ್ತಿದ್ದೆ. 'ಸವಿತಾ ಹೇಳ್ಯಾಳ' ಅಂದರೆ ಗುಡ್ಡದ ಮೇಲಿನ ನಮ್ಮ ವಸ್ತಿಯಲ್ಲಿ ಅದು ಸರ್ಕಾರವೇ ಹೇಳಿದಂತೆ.

ಹಸೀನಾ ಚಾಚಿ ನಮ್ಮ ಪಕ್ಕದ ಮನೆಯವರು. ಬಂದರಿನಲ್ಲಿ ಲೋಡು ಇಳಿಸುವವರಿಗೆಲ್ಲ ಜೋಳದ ರೊಟ್ಟಿ ಬಡಿದು ಮಾರುತ್ತಿದ್ದರು. ಪಕ್ಕದ ಮನೆ ಅಂದೆ — ನಮಗೆ ಅಲ್ಲೊಂದು ಮನೆ ಆದದ್ದೇ ಅವರಿಂದ. ನಾವು ಮೊದಲು ದಾಬೋಲಿಮ್‌ನಲ್ಲಿ ಅವ್ವ ಕೆಲಸ ಮಾಡುತ್ತಿದ್ದ ಕಟ್ಟಡದ ತಗಡಿನ ಶೆಡ್ಡಿನಲ್ಲಿ ಇದ್ದೆವು. ಕಟ್ಟಡ ಮುಗಿದು ಶೆಡ್ಡು ಕಿತ್ತಾಗ, ಸಂತೆಯಲ್ಲಿ ಪರಿಚಯವಾಗಿದ್ದ ಚಾಚಿ, 'ನಮ್ಮ ಬಾಜೂಕ ಜಾಗಾ ಐತಿ, ಬಂದು ಕಟಗೋರಿ' ಎಂದು ಕರೆದರು. ನಾನಾಗ ಎಂಟನೆಯ ತರಗತಿ. ಅವ್ವ ಕೆಲಸದಿಂದ ಬರುವ ತನಕ ನಾನು ಅವರ ಒಲೆಯ ಮುಂದೆ ಕೂತು ಓದುತ್ತಿದ್ದೆ, ಬಿಸಿ ರೊಟ್ಟಿ ಅಲ್ಲೇ ತಿನ್ನುತ್ತಿದ್ದೆ. ಇದನ್ನೆಲ್ಲ ಬರೆಯುತ್ತಿರುವುದು — ಯಾರಿಗೆ ಏನು ಮಾಡಿದೆ ಎಂಬುದು ತಿಳಿಯಲಿ ಎಂದು.

ಆ ಶನಿವಾರ ಕಳಿಸಬೇಕಾದ ಸುದ್ದಿ ಐದಿದ್ದವು. ನಾಲ್ಕನೆಯದು ನಮ್ಮ ಮನೆಗಳ ಸಾಲಿನದ್ದು. ಗುಡ್ಡದ ರಸ್ತೆ ಅಗಲವಾಗಲಿದೆ, ಅಂಚಿನ ಮನೆಗಳವರು ಮುಂದಿನ ಶುಕ್ರವಾರದೊಳಗೆ ಹಳೆಯ ಕಾಗದಗಳನ್ನು ಸರ್ಕಾರದ ಜಾಗದ ಕಚೇರಿಗೆ ಖುದ್ದಾಗಿ ತಂದು ತೋರಿಸಬೇಕು, ಬಹಳ ವರ್ಷದಿಂದ ಇದ್ದೇವೆ ಎಂದು ತೋರಿಸಿದವರ ಮನೆ ಬಿಟ್ಟು ರಸ್ತೆಯನ್ನು ಆಚೆ ಬದಿಗೆ ಸರಿಸುತ್ತಾರೆ, ತೋರಿಸದವರದ್ದು ತೆರವು.

ಕಚೇರಿಯ ಉಸ್ತುವಾರಿ ನೋಡುತ್ತಿದ್ದ ಪ್ರಕಾಶಬಾಬ ನನ್ನ ಮೇಜಿಗೆ ಬಂದು ಆ ನಾಲ್ಕನೆಯ ಸುದ್ದಿಯ ಮೇಲೆ ಬೆರಳಿಟ್ಟರು. 'ಹೆಂ ಕನ್ನಡಾಂತ್ ನಾಕಾ' ಎಂದರು — ಇದು ಕನ್ನಡದಲ್ಲಿ ಬೇಡ. ಮರುದಿನ ಭಾನುವಾರ ನಮ್ಮ ವಸ್ತಿಯಲ್ಲೇ ಶಾಸಕರು ನೀರಿನ ಟಾಕಿ ಉದ್ಘಾಟಿಸುವವರಿದ್ದರು. ಜನ ಅಲ್ಲಿ ಗಲಾಟೆ ಮಾಡಬಾರದು, ಸೋಮವಾರ ಇದೊಂದನ್ನೇ ಬೇರೆಯಾಗಿ ಕಳಿಸು ಎಂದು ಹಿಂದಿಯಲ್ಲಿ ತಿಳಿಸಿ ಹೇಳಿದರು. ನಾನು ನಾಲ್ಕನೆಯದನ್ನು ಬಿಟ್ಟು ಉಳಿದ ನಾಲ್ಕನ್ನು ಓದಿ ಕಳಿಸಿದೆ.

ಇಲ್ಲಿಯವರೆಗೆ ತಪ್ಪು ಅವರದ್ದು ಎಂದು ಹೇಳಿಕೊಳ್ಳಬಹುದಿತ್ತು. ವರ್ಷಗಟ್ಟಲೆ ನನಗೆ ನಾನೇ ಹಾಗೆ ಹೇಳಿಕೊಂಡೆ.

ಸೋಮವಾರ ಬಂತು. ಆ ವಾರ ಶಾಸಕರು, ಪ್ರಕಾಶಬಾಬ ಇಬ್ಬರೂ ಅಧಿವೇಶನಕ್ಕೆಂದು ದಿನಾ ಬೆಳಿಗ್ಗೆ ಪಣಜಿಗೆ ಹೋಗಿ ರಾತ್ರಿ ಬರುತ್ತಿದ್ದರು. ಕಳಿಸಬೇಕಾದ ಸುದ್ದಿ ನನ್ನ ಕೈಯಲ್ಲಿ ಸಿದ್ಧವಿತ್ತು. ನಾನು ಕಳಿಸಲಿಲ್ಲ. ಯಾಕೆಂದರೆ ಶನಿವಾರ ಸಂಜೆಯಿಂದ ನಾನು ನಮ್ಮ ಮನೆಯ ಕಾಗದಗಳನ್ನೇ ಎಣಿಸುತ್ತಿದ್ದೆ. ಅವು ಗಟ್ಟಿ ಇರಲಿಲ್ಲ. ಬೇಕಾದಷ್ಟು ವರ್ಷ ನಮಗೆ ಆಗಿರಲಿಲ್ಲ. ಚಾಚಿಗೆ ಆಗಿತ್ತು — ನಾನು ಹುಟ್ಟುವ ಮುಂಚಿನ ಲೈಟ್ ಬಿಲ್ಲು ಅವರ ಬಳಿ ಇತ್ತು. ಸಾಲಿನವರೆಲ್ಲ ಒಟ್ಟಾಗಿ ಹೋದರೆ ಅಧಿಕಾರಿಗಳು ಜಾಗಕ್ಕೇ ಬರುತ್ತಾರೆ, ಈ ಮನೆ ಯಾವಾಗಿನದ್ದು ಎಂದು ನೆರೆಯವರನ್ನು ಕೇಳುತ್ತಾರೆ. ಚಾಚಿಗೆ ಸುಳ್ಳು ಹೇಳಿ ಗೊತ್ತಿಲ್ಲ. ನಾನು ಹೆದರಿದ್ದು ಅವರ ಆ ಸ್ವಭಾವಕ್ಕೆ.

ಹಾಗಾಗಿ ಒಬ್ಬಳೇ ಹೋದೆ. ನಮ್ಮ ಮನೆ ಬಹಳ ಹಳೆಯದೆಂದು ಶಾಸಕರ ಪತ್ರದ ಹಾಳೆಯ ಮೇಲೆ ನಾನೇ ಬರೆದು, ಮಂಗಳವಾರ ಬೆಳಿಗ್ಗೆ ಅವರು ಪಣಜಿಗೆ ಹೊರಡುವ ಗಡಿಬಿಡಿಯಲ್ಲಿ ಬೇರೆ ಪತ್ರಗಳ ನಡುವೆ ಇಟ್ಟು ಸಹಿ ಹಾಕಿಸಿಕೊಂಡೆ. ನಾನು ಕೊಟ್ಟ ಹಾಳೆಗಳನ್ನು ಅವರು ಓದುತ್ತಿರಲಿಲ್ಲ, ಅಷ್ಟು ನಂಬಿಕೆ. ಬುಧವಾರ ಆ ಪತ್ರವನ್ನು ಜಾಗದ ಕಚೇರಿಗೆ ಕೊಟ್ಟು ಬಂದೆ. ನಮ್ಮ ಮನೆ ಉಳಿಯಿತು.

ಗುರುವಾರ ಬೆಳಿಗ್ಗೆ ಕೆಲಸಕ್ಕೆ ಹೊರಟಾಗ ಚಾಚಿ ಬಾಗಿಲಲ್ಲಿ ನಿಂತಿದ್ದರು. ಕೈಗೆ ಹಿಟ್ಟು ಮೆತ್ತಿತ್ತು.

'ಸವಿತಾ, ಕಾಗದಾ ತೋರಸಬೇಕಂತ ಕೆಳಗಿನ ಮಂದಿ ಮಾತಾಡಾಕತ್ತಾರ. ಖರೇ ಏನವಾ? ನಮ್ಮವೂ ಕೊಡಬೇಕೇನ?'

ಒಂದು ದಿನ, ಇನ್ನೊಂದು ಪೂರ್ತಿ ದಿನ ಉಳಿದಿತ್ತು. ಹೌದು ಎಂದಿದ್ದರೆ ಸಾಕಿತ್ತು, ಅವರು ಹಿಟ್ಟಿನ ಕೈ ತೊಳೆದುಕೊಂಡು ಹೊರಡುತ್ತಿದ್ದರು.

'ಏನೂ ಇಲ್ಲ ಚಾಚಿ. ಇದ್ದಿದ್ರ ನಾ ಹೇಳತಿದ್ದಿಲ್ಲೇನು?'

'ಅದೂ ಖರೇನ' ಎಂದು ನಕ್ಕು ಒಳಗೆ ಹೋದರು.

ಆಮೇಲಿನದ್ದನ್ನೂ ಬರೆಯಬೇಕು. ಮುಂದಿನ ಶನಿವಾರ ಪ್ರಕಾಶಬಾಬ ಒಂದು ಹಾಳೆ ಮುಂದಿಟ್ಟು, 'ಸೋಮವಾರ ಕಳಿಸಿದೆಯಲ್ಲ?' ಎಂದು ಕೇಳಿದರು. ಹೂಂ ಎಂದೆ. ಕೊಂಕಣಿ, ಇಂಗ್ಲಿಷ್, ಕನ್ನಡ ಮೂರೂ ಭಾಷೆಯಲ್ಲಿ ಜನರಿಗೆ ಸೂಚನೆ ತಲುಪಿಸಲಾಗಿದೆ ಎಂಬ ಆ ಹಾಳೆಯ ಕೆಳಗೆ ಕನ್ನಡದ ಪರವಾಗಿ ನನ್ನ ಸಹಿ ಹಾಕಿದೆ.

ಯಂತ್ರಗಳು ಬಂದದ್ದು ಮಳೆಗಾಲ ಮುಗಿದ ಮೇಲೆ, ಒಂದು ಬೆಳಿಗ್ಗೆ. ಪೊಲೀಸರು ಸಾಲಿನ ಎರಡೂ ತುದಿಯಲ್ಲಿ ನಿಂತರು. ನಮ್ಮ ಸಾಲಿನಲ್ಲಿ ಉಳಿದದ್ದು ಮೂರು ಮನೆ — ಕೊಂಕಣಿ ಓದಬಲ್ಲ ಎರಡು ಸಂಸಾರಗಳದ್ದು, ನಮ್ಮದು. ಚಾಚಿಯ ಗಂಡ ಇಮಾಮಸಾಬರು ಬೆನ್ನುನೋವಿನಿಂದ ಹಾಸಿಗೆ ಹಿಡಿದಿದ್ದರು. ಇಬ್ಬರು ಅವರನ್ನು ಚಾಪೆಯ ಸಮೇತ ಎತ್ತಿ ಹೊರಗೆ ತಂದರು. ಚಾಚಿ ಓಡಿ ಬಂದು ನನ್ನ ಎರಡೂ ತೋಳು ಹಿಡಿದರು.

'ಆಮದಾರಗ ಫೋನ್ ಹಚ್ಚವಾ! ನೀ ಅಂದ್ರ ಎತ್ತತಾರ. ನನ್ನ ಹತ್ರ ಎಲ್ಲಾ ಕಾಗದಾ ಅದಾವಂತ ಹೇಳ. ಒಂದು ತಾಸು ನಿಲ್ಲಸಂತ ಹೇಳ, ತೋರಸ್ತೀನಿ!'

ನಾನು ಫೋನು ಕಿವಿಗೆ ಹಿಡಿದೆ. 'ಎತ್ತವಲ್ಲರು ಚಾಚಿ' ಎಂದೆ. ನಾನು ನಂಬರು ಒತ್ತಿರಲೇ ಇಲ್ಲ. ಒತ್ತಿದ್ದರೆ ಅವರು ಎತ್ತುತ್ತಿದ್ದರು — ಕಾಗದ ಇದ್ದರೆ ಆಗಲೇ ಯಾಕೆ ಕೊಡಲಿಲ್ಲ ಎಂದು ಕೇಳುತ್ತಿದ್ದರು — ಆಮೇಲೆ... ಚಾಚಿ ನನ್ನ ಮುಖವನ್ನೇ ನೋಡುತ್ತ ಮತ್ತೆ ಹಚ್ಚು, ಮತ್ತೆ ಹಚ್ಚು ಎನ್ನುತ್ತಿದ್ದರು. ಮೂರು ಸಲ ಕಿವಿಗೆ ಹಿಡಿದೆ. ಮೂರನೆಯ ಸಲ ಗೋಡೆ ಬಿತ್ತು.

ಆ ಶನಿವಾರದ ಸುದ್ದಿಯಲ್ಲಿ, ಮಾನ್ಯ ಶಾಸಕರು ಗುಡ್ಡದ ರಸ್ತೆಯ ಕಾಮಗಾರಿಯನ್ನು ಪರಿಶೀಲಿಸಿದರು ಎಂದು ಸ್ಪಷ್ಟವಾಗಿ ಓದಿದೆ. ಚಾಚಿಯ ಫೋನಿಗೂ ಅದು ಹೋಯಿತು.

ಇಮಾಮಸಾಬರು ಊರಿಗೆ, ತಮ್ಮನ ಮನೆಗೆ ಹೋದರು. ಚಾಚಿ ಮೊಲೆಂನಲ್ಲಿ ಹೆದ್ದಾರಿ ಬದಿಯ ಒಂದು ಖಾನಾವಳಿಯಲ್ಲಿ ರೊಟ್ಟಿ ಬಡಿಯುವ ಕೆಲಸ ಹಿಡಿದರು. ಗಂಡ ಅಲ್ಲಿ, ಹೆಂಡತಿ ಇಲ್ಲಿ. ನಾನು ಒಮ್ಮೆಯೂ ನೋಡಲು ಹೋಗಲಿಲ್ಲ. ಅವ್ವ ಹಬ್ಬಕ್ಕೆ ಹೋಗಿಬಂದು, 'ಹಸೀನಾ ನಿನ್ನ ಭಾಳ ಕೇಳಿದ್ಲು' ಎನ್ನುತ್ತಿದ್ದಳು. ಶಾಸಕರು ದೊಡ್ಡ ಮನಸ್ಸಿನಿಂದ ನಮ್ಮ ಮನೆ ಉಳಿಸಿದರೆಂದೇ ಅವ್ವ ನಂಬಿದ್ದಳು.

ಈ ವರ್ಷ, ಮನೆ ಕಳೆದುಕೊಂಡವರು ಮತ್ತೆ ಅರ್ಜಿ ಹಾಕಬಹುದು, ಸೂಚನೆ ತಲುಪದವರಿಗೆ ಬದಲಿ ಮನೆ ಕೊಡುತ್ತಾರೆ ಎಂದಾಯಿತು. ಆ ಸುದ್ದಿಯನ್ನೂ ನಾನೇ ಓದಿ ಕಳಿಸಿದೆ. ಎರಡು ತಿಂಗಳಿಗೆ ಚಾಚಿಯ ಅರ್ಜಿ ನಮ್ಮ ಕಚೇರಿಯ ಮೂಲಕವೇ ವಾಪಸು ಬಂತು. ಕನ್ನಡದಲ್ಲಿ ಸೂಚನೆ ಕೊಟ್ಟಿದ್ದಕ್ಕೆ ದಾಖಲೆ ಇದೆ, ಆದ್ದರಿಂದ ತಿರಸ್ಕೃತ. ಜೊತೆಗೆ ಪಿನ್ನು ಹಾಕಿದ್ದ ಹಾಳೆಯಲ್ಲಿ ನನ್ನ ಸಹಿ.

ಮರುದಿನ ಬೆಳಿಗ್ಗೆ ಮೊಲೆಂ ಬಸ್ಸು ಹತ್ತಿದೆ. ಚಾಚಿ ಖಾನಾವಳಿಯ ಹಿಂಬದಿಯಲ್ಲಿ ತರಕಾರಿ ಹೆಚ್ಚುತ್ತಿದ್ದರು. ನನ್ನನ್ನು ನೋಡಿ ಎದ್ದು ಬಂದು ತಬ್ಬಿಕೊಂಡರು. ನಾನು ಬಿಡಿಸಿಕೊಂಡು, ನಿಂತೇ ಎಲ್ಲ ಹೇಳಿದೆ. ಶನಿವಾರದ್ದು, ಬುಧವಾರದ್ದು, ಗುರುವಾರದ್ದು. ಮುಗಿದ ಮೇಲೆ ಅವರು ಕೇಳಿದ್ದು ಒಂದೇ.

'ಅವತ್ತ ಫೋನ್?'

'ಹಚ್ಚಿದ್ದಿಲ್ಲ ಚಾಚಿ.'

ಅವರು ಗೋಡೆಗೆ ಒರಗಿದರು. 'ನಾ ಏಳು ವರ್ಷ ಆ ಆಮದಾರಗ ಬೈಕೋತ ಬಂದೇನಿ' ಎಂದರು ಮೆಲ್ಲಗೆ. 'ನಿನ್ನ ಸಲುವಾಗಿ ದುವಾ ಮಾಡೇನಿ. ಪಾಪ, ಅವತ್ತು ಎಷ್ಟು ಒದ್ದಾಡಿದ್ಲು ಹುಡುಗಿ ಅಂತ.'

ನಾನು ಕಾಲು ಹಿಡಿಯಲು ಬಾಗಿದೆ. ಅವರು ಹಿಂದೆ ಸರಿದರು.

'ಮುಟ್ಟಬ್ಯಾಡ. ಅಳಾಕ ಬಂದಿದ್ರ ಹೋಗು. ನನಗ ಹೇಳಿದ್ದನ್ನ ಅವರಿಗೂ ಹೇಳತೀ ಏನು? ಅಷ್ಟ ಹೇಳು.'

ಹೇಳುತ್ತೇನೆ ಎಂದೆ. ಅವರು ನಂಬಿದಂತೆ ಕಾಣಲಿಲ್ಲ. ಯಾಕೆ ನಂಬಬೇಕು?

ಮೊದಲು ಅವ್ವನಿಗೆ ಹೇಳಿದೆ. ಅವಳು ಆ ಸಂಜೆ ಊಟ ಮಾಡಲಿಲ್ಲ. ಬೆಳಿಗ್ಗೆ, 'ಬರದು ಕೊಡು. ಈ ಮನಿ ಹೋದ್ರ ಹೋಗಲಿ' ಎಂದಳು. ನಡೆದದ್ದನ್ನೆಲ್ಲ ಬರೆದು, ಸಹಿ ಮಾಡಿ, ಜಾಗದ ಕಚೇರಿಗೆ ಒಂದು ಪ್ರತಿ, ಶಾಸಕರಿಗೆ ಒಂದು ಪ್ರತಿ ಕೊಟ್ಟೆ. ಶಾಸಕರು ಈ ಸಲ ಪೂರ್ತಿ ಓದಿದರು. ನನ್ನ ಕೆಲಸ ಅಂದೇ ಹೋಯಿತು. ನಮ್ಮ ಮನೆಗೂ ನೋಟಿಸು ಬಂದಿದೆ.

ಬರುವ ಮಂಗಳವಾರ ವಿಚಾರಣೆ. ಚಾಚಿ ಬರುತ್ತಾರೆ, ಆ ಸಾಲಿನ ಉಳಿದವರೂ ಬರುತ್ತಾರೆ. ಅವರಿಗೆ ಮನೆ ಸಿಕ್ಕೀತೋ ಇಲ್ಲವೋ ನನಗೆ ಗೊತ್ತಿಲ್ಲ. ಸಿಕ್ಕರೂ ಆ ಏಳು ವರ್ಷ... ಚಾಚಿ ನನ್ನ ಪಕ್ಕ ಕೂರುವುದಿಲ್ಲ, ಕೂರಲಿ ಎಂದು ಬಯಸುವ ಹಕ್ಕೂ ನನಗಿಲ್ಲ. ಎಲ್ಲರ ಎದುರು ನನ್ನ ಹೆಸರು ಕರೆಯುತ್ತಾರೆ. ಎದ್ದು ನಿಲ್ಲುತ್ತೇನೆ.